ಚಿದಾನಂದಪ್ಪ ತೆರೆಸಿದ ಕಣ್ಣು

ಸಿರುಗುಪ್ಪದ ಬಸ್‌ಸ್ಟ್ಯಾಂಡಿನ ಎದುರಿಗೆ ನನ್ನ ಹೋಟೆಲು. ಅದರ ಮಗ್ಗುಲಿಗೇ ಚಿದಾನಂದಪ್ಪನ ಫೋಟೋ ಸ್ಟುಡಿಯೋ. ಒಗ್ಗರಣಿ-ಮಿರ್ಚಿ ತಿನ್ನಲು ಬಂದವರು ಕೈ ಒರೆಸಿಕೊಂಡು, ಹೇಗೂ ಬಂದಿದ್ದೇವಲ್ಲ ಎಂದು ಒಂದು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರೇ ಹೊರತು, ಫೋಟೋಕ್ಕೆಂದೇ ಬಂದವರು ಕಡಿಮೆ. ಹೀಗಂದರೆ ಅವನಿಗೆ ಸಿಟ್ಟು ಬರುತ್ತದೆ. ಬರಲಿ, ಇದ್ದದ್ದನ್ನು ಹೇಳಲು ನನಗೇನು ಭಯ? ಆದರೆ ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ಅಂಥ ಕೈ ನಮ್ಮ ಸೀಮೆಯಲ್ಲಿ ಇನ್ನೊಂದಿರಲಿಲ್ಲ.

ಅವನ ಹೆಸರು ನಿಂತದ್ದು ಸತ್ತವರ ಮೇಲೆ. ನಮ್ಮ ಕಡೆಯ ಹಿರಿಯರಿಗೆ ಆಗೆಲ್ಲ ಬದುಕಿದ್ದಾಗ ಫೋಟೋ ತೆಗೆಸಿಕೊಳ್ಳುವ ಚಟ ಇರಲಿಲ್ಲ. ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂಬ ಹೆದರಿಕೆ. ಅವರು ಕಣ್ಣು ಮುಚ್ಚಿದ ಮೇಲೆ ಮಕ್ಕಳಿಗೆ ಎಚ್ಚರವಾಗುತ್ತಿತ್ತು, ಅಯ್ಯೋ, ಗೋಡೆಗೆ ಹಾಕಲು ಒಂದು ಫೋಟೋ ಇಲ್ಲವಲ್ಲ ಎಂದು. ಆಗ ಚಿದಾನಂದಪ್ಪನಿಗೆ ಹೇಳಿಕಳಿಸುತ್ತಿದ್ದರು. ಅವನು ಹೋಗಿ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ, ರುಮಾಲು ಸರಿಮಾಡಿ, ಫೋಟೋ ತೆಗೆದು ತರುತ್ತಿದ್ದ. ಆಮೇಲೆ ಕತ್ತಲೆ ಕೋಣೆಯಲ್ಲಿ ಅದನ್ನು ದೊಡ್ಡದು ಮಾಡಿ, ಸಣ್ಣ ಬ್ರಷ್ಷು ಹಿಡಿದು ಮುಚ್ಚಿದ ಕಣ್ಣುಗಳನ್ನು ತೆರೆಸುತ್ತಿದ್ದ. ಎಲ್ಲರಿಗೂ ಒಂದೇ ಬಗೆಯ ಕಣ್ಣು. ದುಂಡಗೆ, ತಣ್ಣಗೆ, ಯಾರ ಮೇಲೂ ಸಿಟ್ಟಿಲ್ಲದೆ ಸ್ವಲ್ಪ ಮೇಲಕ್ಕೆ ನೋಡುವ ಕಣ್ಣು. ಜೀವಮಾನವೆಲ್ಲ ಹೆಂಡತಿಗೆ ಬೈದುಕೊಂಡೇ ಕಳೆದ ಮನುಷ್ಯನೂ ಇವನ ಬ್ರಷ್ಷಿನ ಕೆಳಗೆ ಸಾಧುವಾಗಿಬಿಡುತ್ತಿದ್ದ. ಸುತ್ತಿನ ಹಳ್ಳಿಗಳಲ್ಲಿ ಆ ಕಣ್ಣು ಗೊತ್ತಿಲ್ಲದವರಿರಲಿಲ್ಲ. ದೊಡ್ಡ ಫೋಟೋದಲ್ಲಿ ಆ ಕಣ್ಣು ಕಂಡಿತೆಂದರೆ ಕೇಳುವುದೇ ಬೇಡ, ಆ ಮನುಷ್ಯ ಇನ್ನಿಲ್ಲ ಎಂದೇ ತಿಳಿಯುತ್ತಿದ್ದರು.

ಈ ವಿದ್ಯೆಯೇ ಅವನ ಸಂಸಾರಕ್ಕೆ ಮುಳುವಾಗಿತ್ತು. ಹೆಂಡತಿ ಕೊಟ್ರಬಸಮ್ಮ ಕುರುಗೋಡಿನವಳು. ಅವಳ ಅಪ್ಪ ಮರಿಬಸಪ್ಪನಿಗೆ ಮದುವೆಯ ಮುಂಚೆ ಅಳಿಯ ಫೋಟೋ ತೆಗೆಯುತ್ತಾನೆಂದು ಗೊತ್ತಿತ್ತು, ಯಾರದು ತೆಗೆಯುತ್ತಾನೆಂದು ಕೇಳಿರಲಿಲ್ಲ. ಗೊತ್ತಾದ ದಿನ ಕೆಂಡವಾದ. “ಹೆಣಾ ಮುಟ್ಟಿದ ಕೈಲೆ ಕೊಟ್ಟ ನೀರು ನಾ ಕುಡಿಯಾಂಗಿಲ್ಲ” ಎಂದವನು ಅವತ್ತಿನಿಂದ ಮಗಳ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಳಿಯನೇ ಕುರುಗೋಡಿಗೆ ಹೋದರೆ ಮುಖ ತಿರುಗಿಸಿಕೊಂಡು, ಮನೆಯ ಮುಂದಿನ ಬೇವಿನ ಮರದ ಜೊತೆ ಮಾತಾಡುತ್ತಿದ್ದ. “ಊಟ ಆತಾ?” ಎಂದು ಮರವನ್ನು ಕೇಳುವುದು. “ಆತ್ರಿ ಮಾವ” ಎಂದು ಇವನು ಉತ್ತರ ಕೊಡುವುದು. ಕೊಟ್ರಬಸಮ್ಮ ಇದನ್ನು ನೋಡಿ ನೋಡಿ ಒಳಗೇ ಕೊರಗಿದ್ದಳು. ನಮ್ಮಪ್ಪ ಒಂದು ದಿನ ನಮ್ಮ ಮನೆಗೆ ಬಂದು ಉಂಡು ಹೋದರೆ ಸಾಕು ಎಂಬುದೊಂದೇ ಅವಳ ಆಸೆ. ಚಿದಾನಂದಪ್ಪನಿಗೂ ಅದೊಂದೇ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ವರ್ಷ ಬಳ್ಳಾರಿಯಿಂದ ಒಬ್ಬ ಸಾಹೇಬ ನನ್ನ ಹೋಟೆಲಿಗೆ ಬಂದ. ಕೋಟೆ ಗುಡ್ಡದ ಕೆಳಗೆ ಹೊಸದಾಗಿ ತೆರೆದಿದ್ದ ಸಾರ್ವಜನಿಕ ಚಿತ್ರಶಾಲೆಯ ಅಧಿಕಾರಿ. ಹೆಸರು ಮೂಕಪ್ಪ, ಬಾಯಿ ಮುಚ್ಚಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಮದ್ರಾಸಿನಲ್ಲಿ ಚಿತ್ರಕಲೆ ಕಲಿತು ಬಂದವನು. ಮಿರ್ಚಿ ತಿನ್ನುತ್ತ ತಿನ್ನುತ್ತ ಸ್ಟುಡಿಯೋದ ಗಾಜಿನೊಳಗಿದ್ದ ಒಂದು ಫೋಟೋ ಕಂಡು ಎದ್ದೇ ನಿಂತ.

“ಯಾರ್ರೀ ಇವರು? ಎಂಥ ನೋಟ! ಈ ಲೋಕದ ಹಂಗೇ ಇಲ್ಲವಲ್ಲ ಇವರಿಗೆ!”

“ಈಗ ಇಲ್ರಿ ಸಾರ್” ಎಂದ ಚಿದಾನಂದಪ್ಪ, ಇದ್ದದ್ದು ಇದ್ದ ಹಾಗೆ.

“ಇಷ್ಟು ನಿಶ್ಚಲವಾಗಿ ಹ್ಯಾಗೆ ಕೂಡಿಸಿದಿರಿ?”

“ಅವರು ಭಾಳ ಸಹಕಾರ ಕೊಟ್ರಿ ಸಾರ್.”

ನನಗೆ ನಗು ತಡೆಯಲಾಗದೆ ಒಲೆಯ ಕಡೆ ಹೋದೆ. ತಿರುಗಿ ಬರುವಷ್ಟರಲ್ಲಿ ಚಿದಾನಂದಪ್ಪ ಕಲಾವಿದನಾಗಿದ್ದ. ಒಂದು ತಿಂಗಳು ಚಿತ್ರಶಾಲೆಯಲ್ಲೇ ವಾಸ. ಮಲಗಲು ರೂಮು, ಊಟ, ಕತ್ತಲೆ ಕೋಣೆ, ಕಾಗದ, ಎಲ್ಲ ಅವರದೇ. ತಿಂಗಳ ಕೊನೆಗೆ ದೊಡ್ಡ ದೊಡ್ಡ ಫೋಟೋಗಳನ್ನು ಗೋಡೆಗೆ ಹಾಕಿ, ಜಿಲ್ಲೆಯ ದೊಡ್ಡ ಸಾಹೇಬರನ್ನು ಕರೆಸಿ ಪ್ರದರ್ಶನ ಮಾಡುವುದು. ಇದಕ್ಕೆ ‘ನಿವಾಸಿ ಕಲಾವಿದ’ ಎಂದು ಹೆಸರಂತೆ.

“ಗಿರಾಕಿ ಯಾರ್ರಿ?” ಎಂದು ಚಿದಾನಂದಪ್ಪ ಕೇಳಿದ.

“ಗಿರಾಕಿ ಇಲ್ಲ. ನಿಮಗೆ ಯಾರನ್ನು ತೆಗೀಬೇಕು ಅನಿಸ್ತದೋ ಅವರನ್ನು ತೆಗೀರಿ. ನಿಮ್ಮ ಸಂತೋಷಕ್ಕೆ.”

ಚಿದಾನಂದಪ್ಪ ನನ್ನ ಮುಖ ನೋಡಿದ. ಸ್ವಂತ ಸಂತೋಷಕ್ಕೆ ಫೋಟೋ ತೆಗೆಯುವುದೆಂದರೇನೆಂದು ನನಗಾದರೂ ಏನು ಗೊತ್ತು? “ಹೋಗಲೇ, ಊಟ ಐತಿ” ಎಂದೆ. ಅವನು ಹೊರಟ. ಹೊರಡುವ ಮುಂಚೆ ಸ್ಟುಡಿಯೋದ ಬೋರ್ಡು ಅಳಿಸಿ ‘ಕಲಾವಿದ ಚಿದಾನಂದಪ್ಪ’ ಎಂದು ಬರೆಸಿದ್ದನ್ನು ನಾನು ಹೇಳಬಾರದಿತ್ತು, ಹೇಳಿದ್ದಾಯಿತು.

ಮೊದಲ ವಾರ ಅವನು ಏನೂ ತೆಗೆಯಲಿಲ್ಲ. ಗಿರಾಕಿ ಬಂದಾರೆಂದು ಚಿತ್ರಶಾಲೆಯ ಹಜಾರದಲ್ಲಿ ಕ್ಯಾಮೆರಾ ಪಕ್ಕಕ್ಕಿಟ್ಟುಕೊಂಡು ಸ್ಟೂಲಿನ ಮೇಲೆ ಕೂತ. ನೋಡಲು ಬಂದ ಮಂದಿ ಇವನೂ ಪ್ರದರ್ಶನಕ್ಕೆ ಇಟ್ಟದ್ದೆಂದು ಸುತ್ತು ಬಂದು ನೋಡಿದರು. ಒಬ್ಬಳು ಮುದುಕಿ ಗಲ್ಲ ಮುಟ್ಟಿ, “ಖರೇ ಮನಿಷನಂಗ ಮಾಡ್ಯಾರ ನೋಡವ್ವಾ” ಎಂದಳು. ಇವನು ಪಾಪ, ಅಲುಗಿದರೆ ಅವಳು ಹೆದರಿಯಾಳೆಂದು ಉಸಿರು ಹಿಡಿದು ಕೂತಿದ್ದನಂತೆ.

ಆದರೆ ಎರಡನೆಯ ವಾರ ಏನೋ ಆಯಿತು. ಏನೆಂದು ಅವನಿಗೂ ಹೇಳಲು ಬರುವುದಿಲ್ಲ. ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಕರಿಬಟ್ಟೆ ಹೊತ್ತುಕೊಂಡು ಬಸ್ಸು ಹತ್ತಿ ತಿರುಗಲು ಸುರುಮಾಡಿದ. ಸಿರುಗುಪ್ಪದ ರೈಸ್‌ಮಿಲ್ಲಿನಲ್ಲಿ ತೌಡು ಮೆತ್ತಿದ ಕೈಗಳಿಂದ ಹಣೆ ಒರೆಸಿಕೊಳ್ಳುವ ಹೆಂಗಸರನ್ನು ತೆಗೆದ. ರೂಪನಗುಡಿಯಲ್ಲಿ ಎತ್ತಿನ ಕಿವಿಯಲ್ಲಿ ಏನೋ ಹೇಳುತ್ತಿದ್ದ ಮುದುಕನನ್ನು ತೆಗೆದ. ನಾನು ಒಮ್ಮೆ ಬಳ್ಳಾರಿಗೆ ಹೋದಾಗ ಅವು ಹಗ್ಗಕ್ಕೆ ಒಣಗಲು ಹಾಕಿದ್ದವು. ನೋಡಿ ದಂಗಾಗಿ ನಿಂತೆ. ದಿನಾ ನನ್ನ ಹೋಟೆಲಿಗೆ ಬರುವಂಥ ಮಂದಿಯೇ ಅವರು. ಇಷ್ಟು ಚೆಂದ ಇದ್ದಾರೆಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ನನ್ನ ಗೆಳೆಯನ ಬಗ್ಗೆ ಅವತ್ತು ಎದೆ ಉಬ್ಬಿತು. ಅವನಿಗೆ ಹೇಳಲಿಲ್ಲ, ಹೇಳಿದರೆ ತಲೆ ತಿರುಗೀತೆಂದು.

ಕೊನೆಯ ವಾರ ಕೊಟ್ರಬಸಮ್ಮ ಅವನನ್ನು ಹಿಡಿದುಕೊಂಡಳು. “ಊರ ಮಂದಿದೆಲ್ಲಾ ತೆಗದ್ರಿ. ನಮ್ಮಪ್ಪಂದೊಂದು ತೆಗೀರಿ. ದೊಡ್ಡ ಸಾಹೇಬ್ರು ಅದರ ಮುಂದ ನಿಂತು ಹೌದಪ್ಪಾ ಅಂದ್ರ, ನಮ್ಮಪ್ಪನ ಮನಸು ಕರಗಿ ಮನಿಗೆ ಬಂದಾನು.”

ಚಿದಾನಂದಪ್ಪ ಕುರುಗೋಡಿಗೆ ಹೋದ. ಮಾವ ಉಂಡು ಬೇವಿನ ಕಟ್ಟೆಯ ಮೇಲೆ ಮರಕ್ಕೆ ಒರಗಿ ಕೂತಿದ್ದ. ಕಣ್ಣು ಮುಚ್ಚಿ ಜೊಂಪು ಹತ್ತಿತ್ತು. ಎಬ್ಬಿಸಿದರೆ ಮುಖ ತಿರುಗಿಸುತ್ತಾನೆ. ಇವನು ಸದ್ದಿಲ್ಲದೆ ಸ್ಟ್ಯಾಂಡು ನಿಲ್ಲಿಸಿ, ಒಂದು ಫೋಟೋ ತೆಗೆದು, ಸದ್ದಿಲ್ಲದೆ ಬಸ್ಸು ಹತ್ತಿದ. ಇಲ್ಲಿಯವರೆಗೆ ಏನೂ ತಪ್ಪಿಲ್ಲ. ಆಮೇಲೆ ಬಳ್ಳಾರಿಯ ಕತ್ತಲೆ ಕೋಣೆಯಲ್ಲಿ ಅದನ್ನು ಆಳೆತ್ತರಕ್ಕೆ ದೊಡ್ಡದು ಮಾಡಿದ. ಎದುರಿಗೆ ಮುಚ್ಚಿದ ಎರಡು ಕಣ್ಣು. ಕೈಯಲ್ಲಿ ಬ್ರಷ್ಷು. ಕೈಗೆ ರೂಢಿಯಾದ ಕೆಲಸವನ್ನು ಕೈ ತಾನೇ ಮಾಡಿಬಿಟ್ಟಿತು. ಬದುಕಿದ್ದ ಮಾವನಿಗೆ ದುಂಡಗಿನ, ತಣ್ಣಗಿನ, ಸ್ವಲ್ಪ ಮೇಲಕ್ಕೆ ನೋಡುವ ಕಣ್ಣು ಬಂದವು.

ಪ್ರದರ್ಶನ ಸೋಮವಾರ ಸಂಜೆಗೆ. ಕೊಟ್ರಬಸಮ್ಮ ಹಿಂದಿನ ವಾರವೇ ತವರಿಗೆ ಹೋಗಿ ಅಪ್ಪನ ಕಿವಿಯಲ್ಲಿ ಹೇಳಿ ಬಂದಿದ್ದಳು, ನಿನ್ನ ಫೋಟೋ ಹಾಕುತ್ತಾರೆ ಬಾ ಎಂದು. “ಯಾರನ್ನ ಕೇಳಿ ತೆಗದ ಅವ?” ಎಂದು ಮರಿಬಸಪ್ಪ ಹಾರಾಡಿದನಂತೆ. ಸೋಮವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಧೋತರ ಉಟ್ಟು, ಮನೆಯವರಿಗೆ “ಕನ್ನಡಕದ ಕಾಲು ಮುರದೈತಿ, ಬಳ್ಳಾರಿಗೆ ಹೋಗಿ ಬರ್ತೀನಿ” ಎಂದು ಹೇಳಿ ಮೊದಲ ಬಸ್ಸು ಹಿಡಿದ. ಕನ್ನಡಕಕ್ಕೆ ಏನೂ ಆಗಿರಲಿಲ್ಲ.

ಅದೇ ಬೆಳಿಗ್ಗೆ ಕುರುಗೋಡಿನ ಹೂವಿನ ಹುಲುಗಮ್ಮ ಹಾರಗಳನ್ನು ಕೊಡಲು ಚಿತ್ರಶಾಲೆಗೆ ಬಂದಳು. ಬಾಗಿಲಿನ ಎದುರಿಗೇ, ಎಲ್ಲಕ್ಕಿಂತ ದೊಡ್ಡದಾಗಿ, ಮರಿಬಸಪ್ಪ. ಆ ಕಣ್ಣು! ಹುಲುಗಮ್ಮನ ಬುಟ್ಟಿ ಕೆಳಗೆ ಬಿತ್ತು. “ಅಯ್ಯಯ್ಯ ನಮ್ಮಪ್ಪಾ! ಈಗ ಮುಂಜಾನಿ ಬಸ್ಸಿಗಿ ನನ್ನ ಮುಂದ ಕುಂತು ಬಂದ್ಯಲ್ಲೋ!” ದೊಡ್ಡ ಸಾಹೇಬರಿಗೆಂದು ತಂದ ಹಾರವನ್ನು ಫೋಟೋಕ್ಕೆ ಹಾಕಿ, ಕೈಮುಗಿದು, ಯಾರನ್ನೂ ಏನೂ ಕೇಳದೆ ಕುರುಗೋಡಿನ ಬಸ್ಸಿಗೆ ಓಡಿದಳು.

ಕುರುಗೋಡಿನಲ್ಲಿ ಮೊದಲು ಯಾರೂ ನಂಬಲಿಲ್ಲ. ಆದರೆ ಮರಿಬಸಪ್ಪ ಊರಲ್ಲಿ ಇರಲಿಲ್ಲ. ಬಳ್ಳಾರಿಗೆ ಹೋಗಿದ್ದು ನಿಜ. ಫೋಟೋ ದೊಡ್ಡದು, ಹಾರ ಹಾಕಿದ್ದಾರೆ, ಕಣ್ಣು ಅದೇ ಕಣ್ಣು. ಇನ್ನೇನು ಬೇಕು?

“ಮುಂಜಾನೆ ಹೋದವಂದು ಮಧ್ಯಾನ್ನಕ್ಕ ಫೋಟೋ ಹಾಕ್ಯಾನಂದ್ರ, ಅಳಿಯ ಅಂದ್ರ ಅಳಿಯಪಾ!” ಎಂದು ಯಾರೋ ಮೆಚ್ಚಿದರಂತೆ.

ಮರಿಬಸಪ್ಪನ ತಮ್ಮ ಕೊಟ್ಟೂರಪ್ಪ ಕುಸಿದು ಕೂತ. ಈ ಅಣ್ಣತಮ್ಮಂದಿರು ಕುರುಗೋಡಿನ ಗಡಿಯಾರವಿದ್ದ ಹಾಗೆ. ಕಟ್ಟೆಯ ಮೇಲೆ ನೆರಳಿದ್ದ ಕಡೆ ಯಾರು ಕೂರಬೇಕೆಂದು ದಿನಾ ಬೆಳಿಗ್ಗೆ ಒಮ್ಮೆ, ನೆರಳು ಸರಿದ ಮೇಲೆ ಸಂಜೆಗೊಮ್ಮೆ ತಪ್ಪದೆ ಜಗಳ. ಆ ಕೊಟ್ಟೂರಪ್ಪ ಎದ್ದು ಕಣ್ಣೊರೆಸಿಕೊಂಡು ಭತ್ತದ ಲಾರಿ ತರಿಸಿದ. ವಿಭೂತಿ, ಬಾಳೆಕಂಬ, ಹೂವು, ಭಜನೆಯವರು, ಊರಿನ ಅರ್ಧ ಮಂದಿ ಲಾರಿ ಏರಿದರು. ಹೆಣ ತರಲು ಬಳ್ಳಾರಿಗೆ ಹೊರಟರು.

ಇತ್ತ ಚಿತ್ರಶಾಲೆಯಲ್ಲಿ ದೊಡ್ಡ ಸಾಹೇಬರು ಬಂದಾಗಿತ್ತು. ನಾನು ಕೊಟ್ರಬಸಮ್ಮನನ್ನು ಕರೆದುಕೊಂಡು ಬಂದಿದ್ದೆ. ಅವಳು ಚಹಾದ ವ್ಯವಸ್ಥೆಗೆಂದು ಹಿಂದಿನ ಕೋಣೆಯಲ್ಲಿದ್ದಳು. ಮೂಕಪ್ಪ ಆ ದೊಡ್ಡ ಸಾಹೇಬರನ್ನು ಮಾವನ ಫೋಟೋದ ಮುಂದೆ ನಿಲ್ಲಿಸಿ, ಆ ಕಣ್ಣಿನ ಬಗ್ಗೆಯೇ ಬಹಳ ಹೊತ್ತು ಮಾತಾಡಿದ. ಹಾರ ಯಾರು ಹಾಕಿದರೆಂದು ಅವನಿಗೆ ಗೊತ್ತಿರಲಿಲ್ಲ, ಚೆಂದ ಕಾಣುತ್ತಿದೆಯೆಂದು ಬಿಟ್ಟಿದ್ದ. ಚಿದಾನಂದಪ್ಪ ಬಿಳಿ ಶರ್ಟಿನಲ್ಲಿ ಬೆವರುತ್ತ ನಿಂತಿದ್ದ. ಅಷ್ಟರಲ್ಲಿ ಹೊರಗೆ ಲಾರಿ ನಿಂತ ಸದ್ದು. ಹಿಂದೆಯೇ ಎದೆ ಎದೆ ಬಡಿದುಕೊಂಡು ಅಳುವ ಸದ್ದು.

ನೂಕಿಕೊಂಡು ಒಳಗೆ ಬಂದವರು ಸಾಲಾಗಿ ಹಾಕಿದ್ದ ಯಾವ ಫೋಟೋವನ್ನೂ ನೋಡದೆ ನೇರ ಮರಿಬಸಪ್ಪನ ಮುಂದೆ ಬಂದು ಬಿದ್ದರು. ಹೆಂಗಸರು ಹಾಡಿಕೊಂಡು ಅಳತೊಡಗಿದರು. ದೊಡ್ಡ ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು.

“ನೋಡಿದ್ರಾ ಸಾರ್!” ಎಂದ ಮೂಕಪ್ಪ. “ಕಲೆ ಅಂದರೆ ಇದು! ಹಳ್ಳಿಯ ಮಂದಿ, ಓದು ಬರಹ ಇಲ್ಲ. ಒಂದು ಚಿತ್ರದ ಮುಂದೆ ಹ್ಯಾಗೆ ಕರಗಿದರು ನೋಡ್ರಿ!”

ಸಾಹೇಬರು ಕರವಸ್ತ್ರ ತೆಗೆದು ಕಣ್ಣಿಗೆ ಒತ್ತಿಕೊಂಡರು. ಚಿದಾನಂದಪ್ಪನಿಗೂ ಕಣ್ಣು ತುಂಬಿತು. ಇಷ್ಟು ಮಂದಿ ತನ್ನ ಫೋಟೋ ನೋಡಲು ಲಾರಿ ಮಾಡಿಕೊಂಡು ಬಂದರಲ್ಲ ಎಂದು. ಕೊಟ್ಟೂರಪ್ಪ ಬಂದು ಅವನ ಹೆಗಲು ಹಿಡಿದ.

“ಹೆಂಗಾತೋ ಅಳಿಯಪ್ಪಾ?”

“ಭಾಳ ಸಲೀಸ ಆತ್ರಿ ಸಣ್ಣ ಮಾವ. ಉಂಡು ಕುಂತಿದ್ರು, ಹಂಗ ಕಣ್ಣು ಮುಚ್ಚಿದ್ರು. ಅಷ್ಟರಾಗ ಮುಗದು ಹೋತು. ಅವರಿಗೆ ಗೊತ್ತ ಆಗ್ಲಿಲ್ಲ.”

“ನೋವು ಏನೂ ಆಗ್ಲಿಲ್ಲಲ್ಲ?”

“ಏನ್ ಮಾತಂತ ಆಡ್ತೀರಿ! ನನ್ನ ಕೈಯಾಗ ಇಲ್ಲೀಮಟ ಯಾರೂ ನೋವು ಅಂದಿಲ್ರಿ.”

ಅಳು ಇಮ್ಮಡಿಯಾಯಿತು. ನನಗೆ ಆಗ ಹೊಳೆಯಿತು. ಫೋಟೋದ ಕಣ್ಣು ನೋಡಿದೆ, ಹಾರ ನೋಡಿದೆ, ಬಾಳೆಕಂಬ ನೋಡಿದೆ. ಬಾಯಿ ತೆರೆಯಬೇಕು, ಅಷ್ಟರಲ್ಲಿ ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಮರಿಬಸಪ್ಪ ದಿನವೆಲ್ಲ ಬಳ್ಳಾರಿಯ ಪೇಟೆ ಸುತ್ತಿ, ಸಂಜೆಗೆ ಯಾರಿಗೂ ಕಾಣದ ಹಾಗೆ ಹಿತ್ತಿಲ ಬಾಗಿಲಿಂದ ಬಂದು, ಅಲ್ಲಿಯವರೆಗೆ ಮಗಳ ಹತ್ತಿರ ಚಹಾ ಕುಡಿಯುತ್ತಿದ್ದನಂತೆ. ಅಳು ಕೇಳಿ ಹೊರಗೆ ಬಂದ. ಹಿಂದೆಯೇ ಕೊಟ್ರಬಸಮ್ಮ. ಗುಂಪಿನ ಅಂಚಿನಲ್ಲಿದ್ದ ಭಜನೆಯವನನ್ನು ಮೆಲ್ಲಗೆ ಕೇಳಿದ.

“ಯಾರು ಹೋದ್ರಪಾ?”

ಅವನು ತಿರುಗದೆ ಮೂಗು ಒರೆಸಿಕೊಂಡು, “ಕುರುಗೋಡು ಮರಿಬಸಪ್ಪ” ಎಂದ.

“ಅಯ್ಯೋ ಪಾಪ!” ಎಂದ ಮರಿಬಸಪ್ಪ.

ಎಂದಮೇಲೆ ಅವನಿಗೆ ತಿಳಿಯಿತು. ಕತ್ತೆತ್ತಿ ಗೋಡೆಯ ಕಡೆ ನೋಡಿದ. ತಮ್ಮ ಕೊಟ್ಟೂರಪ್ಪ ಫೋಟೋದ ಚೌಕಟ್ಟಿಗೆ ಹಣೆ ಹಚ್ಚಿ ಮಗುವಿನ ಹಾಗೆ ಅಳುತ್ತಿದ್ದ. “ಯಣ್ಣಾ, ನೆಳ್ಳೆಲ್ಲಾ ನೀನ ತಗೋ ಯಣ್ಣಾ! ಕಟ್ಟಿ ನೀನ ತಗೋ! ನೀ ಹೋದಮ್ಯಾಗ ನಾ ಯಾರ ಜೋಡಿ ಜಗಳಾ ಆಡ್ಲೋ?”

“ನನ್ನ ಜೋಡಿನ ಆಡಲೇ! ಇಲ್ಲೇ ಅದೀನಿ!”

ಆ ಗಂಟಲು ಕುರುಗೋಡಿನಲ್ಲಿ ಯಾರಿಗೆ ಗೊತ್ತಿಲ್ಲ? ಹುಲುಗಮ್ಮ ಕಿಟಾರನೆ ಕಿರುಚಿ ಬಾಳೆಕಂಬದ ಮೇಲೆ ಬಿದ್ದಳು. ಭಜನೆಯವರು ಬಾಗಿಲಿಗೆ ಓಡಿದರು. ಕೊಟ್ಟೂರಪ್ಪ ಮಾತ್ರ ತಿರುಗಿ ನಿಂತು ಅಣ್ಣನನ್ನು ಮೇಲಿಂದ ಕೆಳಗೆ ನೋಡಿದ. ಹತ್ತಿರ ಬಂದು ಗಲ್ಲ ಮುಟ್ಟಿ ನೋಡಿದ. ಆಮೇಲೆ ಅವನಿಗೆ ಬಂದ ಸಿಟ್ಟು ನಾನು ಹೇಳಲಾರೆ. “ಬದುಕಿದ್ದು ಸುಮ್ನಿದ್ಯಾ? ಅಷ್ಟೂ ಅಳಾಕ ಬಿಟ್ಟು ನೋಡಿದ್ಯಾ? ನೆಳ್ಳಿನ ಮಾತು ವಾಪಸ್ ತಗೊಂಡೆ, ತಿಳೀತಾ!” ಎಂದು ಒದರಿ, ಅಣ್ಣನನ್ನು ಗಟ್ಟಿಯಾಗಿ ತಬ್ಬಿಕೊಂಡ.

ದೊಡ್ಡ ಸಾಹೇಬರು ಚಪ್ಪಾಳೆ ತಟ್ಟಿದರು. ಅವರು ಇದನ್ನೆಲ್ಲ ಕಾರ್ಯಕ್ರಮದಲ್ಲೇ ಇದ್ದ ಕಿರುನಾಟಕವೆಂದುಕೊಂಡಿದ್ದರು. ಮೂಕಪ್ಪನ ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಅವತ್ತೇ.

ಮರಿಬಸಪ್ಪ ತಮ್ಮನ ತೋಳು ಬಿಡಿಸಿಕೊಂಡು ಫೋಟೋದ ಹತ್ತಿರ ಹೋದ. ಹಾರ ಕಿತ್ತು ಒಗೆದ. ಆ ಕಣ್ಣುಗಳನ್ನೇ ನೋಡುತ್ತ ನಿಂತ. ಅವನ ಕಿವಿ ಕೆಂಪಗಾದದ್ದು ನನಗೆ ಕಂಡಿತು. ಅಳಿಯನ ಕಡೆ ಬೆನ್ನು ಮಾಡಿಕೊಂಡೇ, ಫೋಟೋಕ್ಕೇ ಹೇಳಿದ.

“ಬದುಕಿದ ಮಾವಗ ಸತ್ತವನ ಕಣ್ಣು ಇಟ್ಟಾನಲ್ಲ. ಇಂಥವನ ಮನ್ಯಾಗ ಇದ್ದಾಳಲ್ಲ ನನ್ನ ಮಗಳು. ಕೊಟ್ರಬಸವ್ವಾ, ಗಂಟು ಕಟ್ಟು. ಲಾರಿ ಬಂದೈತಿ, ಹೆಣದ ಬದ್ಲಿ ನೀ ಹತ್ತು.”

ಕೊಟ್ರಬಸಮ್ಮ ಗಂಡನ ಮುಖ ನೋಡಿದಳು. ಈ ಚಿದಾನಂದಪ್ಪ ಮಾತಿನಲ್ಲಿ ಎಂದೂ ಗೆದ್ದವನಲ್ಲ, ನನ್ನ ಹೋಟೆಲಿನಲ್ಲಿ ಇನ್ನೊಂದು ಮಿರ್ಚಿ ಕೇಳಲೂ ತಡವರಿಸುವವನು. ಏನು ಹೇಳಿಯಾನು? ಅವನು ಶರ್ಟಿನ ತೋಳಿನಿಂದ ಹಣೆ ಒರೆಸಿಕೊಂಡು ಎರಡು ಹೆಜ್ಜೆ ಮುಂದೆ ಬಂದ.

“ತಪ್ಪಾತ್ರಿ ಮಾವ. ಬೇಕಂತ ಮಾಡಿದ್ದಲ್ರಿ. ನೀವು ಕಣ್ಣು ಮುಚ್ಚಿದ್ರಿ, ತೆರಸಬೇಕಂತ ಕುಂತೆ. ನಿಮ್ಮ ಕಣ್ಣು ಹೆಂಗ ಅದಾವ ಅಂತ ನೆನಸ್ಕೊಂಡೆ, ನೆನಪಿಗಿ ಬರಲಿಲ್ರಿ. ಮದುವಿ ಆದಮ್ಯಾಗ ನೀವು ಒಂದು ದಿನಾನೂ ನನ್ನ ಕಡೆ ನೋಡಿಲ್ಲಲ್ರಿ. ನೋಡದ ಕಣ್ಣು ಎಲ್ಲಿಂದ ತರ್ಲಿ? ನನಗ ಬರೂದು ಅದೊಂದ ಕಣ್ಣು, ಅದನ್ನ ಇಟ್ಟೆ.”

ಮರಿಬಸಪ್ಪ ಗೋಡೆ ನೋಡಿಕೊಂಡೇ ನಿಂತಿದ್ದ. ಆಮೇಲೆ, ಹಜಾರದ ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು ತಂದು, ಅಲ್ಲೇ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದ ಅಳಿಯನ ಕ್ಯಾಮೆರಾದ ಎದುರಿಗೆ ಇಟ್ಟ. ರುಮಾಲು ಬಿಗಿ ಮಾಡಿಕೊಂಡು ಕೂತ. ಮೊಣಕಾಲಿನ ಮೇಲೆ ಎರಡು ಕೈ ಊರಿದ. ತಲೆಯೆತ್ತಿ ಅಳಿಯನ ಮುಖಕ್ಕೆ ನೇರವಾಗಿ ನೋಡಿದ.

“ಈಗ ನೋಡಾಕತ್ತೀನಿ. ತಗಿ.”

ಚಿದಾನಂದಪ್ಪ ಕರಿಬಟ್ಟೆಯೊಳಗೆ ತಲೆ ಹಾಕಿದ, ತೆಗೆದ, ಮತ್ತೆ ಹಾಕಿದ. ಫೋಟೋ ಮೂಡುವ ಗಾಜಿನ ಪ್ಲೇಟು ತುರುಕಿದ. ಮಾವ ರೆಪ್ಪೆ ಹೊಡೆಯದೆ ನೋಡುತ್ತಲೇ ಇದ್ದ. ಸಿಟ್ಟು, ಹಟ, ನಾಚಿಕೆ, ಮಗಳ ಮೇಲಿನ ಜೀವ, ಎಲ್ಲ ಇದ್ದ ಕಣ್ಣು. ಅಂಥ ಕಣ್ಣನ್ನು ಯಾವ ಬ್ರಷ್ಷೂ ಬರೆಯಲಾರದು. “ಆತ್ರಿ” ಎಂದ ಚಿದಾನಂದಪ್ಪ ಕೊನೆಗೆ, ಬಟ್ಟೆಯ ಒಳಗಿಂದಲೇ.

ಕೊಟ್ಟೂರಪ್ಪ ಬಗ್ಗಿ ಕ್ಯಾಮೆರಾದ ಮೂತಿ ನೋಡಿದ. “ಅಳಿಯಪ್ಪಾ, ಮುಂದಿನ ಮುಚ್ಚಳಾ ಹಂಗ ಐತಲ್ಲೋ!”

ಕುರುಗೋಡಿಗೆ ಕುರುಗೋಡೇ ನಕ್ಕಿತು. ದೊಡ್ಡ ಸಾಹೇಬರೂ ನಕ್ಕರು. ನಗದಿದ್ದವನು ಮರಿಬಸಪ್ಪ ಒಬ್ಬನೇ. ಎದ್ದು ಧೋತರ ಝಾಡಿಸಿಕೊಂಡ.

“ಈ ಮ್ಯಾಳದಾಗ ಎಲ್ಲಿ ಫೋಟೋ? ಬ್ಯಾಸ್ತವಾರ ನಿಮ್ಮ ಮನಿಗೆ ಬರ್ತೀನಿ. ಅಲ್ಲೇ ತಗಿ, ಸಾವಕಾಶ ತಗಿ. ಕೊಟ್ರಬಸವ್ವಾ, ಊಟಕ್ಕ ಜ್ವಾಳದ ರೊಟ್ಟಿ ಮಾಡು. ಅನ್ನ ನನಗ ಆಗಿ ಬರಂಗಿಲ್ಲ.”

ಕೊಟ್ರಬಸಮ್ಮ ಸೆರಗು ಬಾಯಿಗೆ ಒತ್ತಿಕೊಂಡು, “ಹೂನಪ್ಪಾ” ಎಂದಳು. ಎಲ್ಲರೂ ಚಿದಾನಂದಪ್ಪನ ಕಡೆ ತಿರುಗಿದರು. ಅವನು ಕರಿಬಟ್ಟೆಯಿಂದ ಹೊರಗೆ ಬರಲೇ ಇಲ್ಲ.

“ಇನ್ನೂ ಏನು ಮಾಡ್ತಿದ್ದಾರೆ ನಿಮ್ಮ ಕಲಾವಿದರು?” ಎಂದು ದೊಡ್ಡ ಸಾಹೇಬರು ನನ್ನನ್ನು ಕೇಳಿದರು.

ನಾನು ಬಟ್ಟೆಯ ಅಂಚು ಎತ್ತಿ ಒಳಗೆ ಇಣುಕಿದೆ. ಅವನ ಕೆನ್ನೆಗಳೆರಡೂ ತೊಯ್ದು ತೊಪ್ಪೆಯಾಗಿದ್ದವು. ನಾನು ಮೆಲ್ಲಗೆ ಬಟ್ಟೆ ಇಳಿಬಿಟ್ಟೆ.

“ಫೋಕಸ್ ಮಾಡಾಕತ್ತಾನ್ರಿ ಸಾಹೇಬ್ರ” ಎಂದೆ.